ಮಗನ ಮುಖದ ಎತ್ತರಕ್ಕೆ ಬರುವ ನಾಯಿ

ತಲ್ಲೂರಿನ ಹತ್ತಿರ ನಾಯಿಮರಿ ಮಾರುವವನೊಬ್ಬನ ಮನೆಗೆ ನಾನು ಅಳತೆಯ ಟೇಪು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ದರ್ಜಿಗಳು ಕೊರಳಿಗೆ ಹಾಕಿಕೊಳ್ಳುವಂಥ ಹಳದಿ ಟೇಪು. ಹೆಂಡತಿಯ ಹೊಲಿಗೆ ಡಬ್ಬದಿಂದ ಹೇಳದೆ ತೆಗೆದದ್ದು. ಮೂರು ವರ್ಷದ ಮಗ ನಿಂತಾಗ ಅವನ ಗಲ್ಲ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಮನೆಯಲ್ಲೇ ಅಳೆದು ಬರೆದಿಟ್ಟುಕೊಂಡಿದ್ದೆ. ಬೆಳೆದ ನಾಯಿಯೊಂದು ನಿಂತಾಗ ಅದರ ಬಾಯಿ ಎಲ್ಲಿಗೆ ಬರುತ್ತದೆ ಎಂಬುದು ಇನ್ನು ತಿಳಿಯಬೇಕಿತ್ತು.

ಅವನು ತಾಯಿ ನಾಯಿಯನ್ನು ಹೊರಗೆ ತಂದು ನಿಲ್ಲಿಸಿದ. ಕೆನೆ ಬಣ್ಣದ ಲ್ಯಾಬ್ರಡಾರ್. ನಾನು ಟೇಪು ಬಿಚ್ಚಿದ್ದು ನೋಡಿ ಅವನಿಗೆ ನಗು ಬಂತು.

"ಹ್ವಾಯ್, ಎಂತ ಸರ್, ಅಂಗಿ ಹೊಲಿಸ್ತ್ರಾ ಅದ್ಕೆ?"

ಅಳತೆ ಹೆಚ್ಚು ಕಡಿಮೆ ಒಂದೇ ಬಂತು. ಎರಡು ಬೆರಳು ಆಚೀಚೆ ಅಷ್ಟೆ. ಮಗನ ಮುಖದ ನೇರಕ್ಕೇ ಆ ಬಾಯಿ.

ಆ ವರ್ಷ ಮಗನಿಗೆ ಒಂದು ಅಭ್ಯಾಸವಿತ್ತು. ಯಾರ ಹತ್ತಿರ ಹೋದರೂ ಅವರ ಬಾಯಿಗೆ ಬೆರಳು ಹಾಕಿ ಹಲ್ಲು ಮುಟ್ಟುತ್ತಿದ್ದ. ಅಜ್ಜಿಯ ಕಟ್ಟಿದ ಹಲ್ಲು, ಅಕ್ಕನ ಬಿದ್ದುಹೋಗುತ್ತಿದ್ದ ಹಾಲುಹಲ್ಲು, ಮನೆಗೆ ಬಂದ ಎಲ್‌ಐಸಿ ಏಜೆಂಟರ ಹಲ್ಲು. ಬಾಯಿ ಮುಚ್ಚಿದ್ದರೆ ತುಟಿ ಬಿಡಿಸುತ್ತಿದ್ದ. ಇಂಥ ಮಗುವಿರುವ ಮನೆಗೆ ನಾಯಿ ತರಬೇಕೆಂದು ಎಂಟು ವರ್ಷದ ಮಗಳು ವರ್ಷದಿಂದ ಹಟ ಹಿಡಿದಿದ್ದಳು, ಈಗ ಹೆಂಡತಿಯೂ ಅವಳ ಪಕ್ಷ ಸೇರಿದ್ದಳು. ನನಗಿದ್ದದ್ದು ಒಂದೇ ಪ್ರಶ್ನೆ. ಯಾವ ನಾಯಿ ಇವನ ಕೈಯನ್ನು ಕಚ್ಚದೆ ಬಿಡುತ್ತದೆ?

"ಲ್ಯಾಬ್ ಅಂದ್ರೆ ಮಕ್ಳ ನಾಯಿ ಸರ್," ಎಂದ ಮಾರುವವನು. "ಕಚ್ಚುದ್ ಅಂದ್ರೆ ಎಂತ ಅಂದೇಳಿ ಅದ್ಕ್ ಗೊತ್ತೇ ಇಲ್ಲ."

"ಗೊತ್ತಿಲ್ಲದಿದ್ದರೆ ಅಷ್ಟು ಹಲ್ಲು ಯಾಕೆ?"

"ಚಪ್ಲಿ ತಿಂಬುಕೆ."

ತಂದೆ ನಾಯಿ ಎಲ್ಲಿ ಎಂದು ಕೇಳಿದೆ. ಅದು ಬೇರೆಯವರ ಮನೆಯಲ್ಲಿದೆ ಎಂದು ಫೋನಿನಲ್ಲಿ ಫೋಟೋ ತೋರಿಸಿದ. ಬಹಳ ಗಂಭೀರವಾದ ನಾಯಿ. ಅದರ ಕಾಲಿನ ಸುತ್ತ, ಬೆನ್ನ ಹಿಂದೆ, ಬೇಲಿಯ ಮೇಲೆ ಎಲ್ಲಾ ಕಡೆ ಬಿಳಿ.

"ಇದು ಎಲ್ಲಿ ತೆಗೆದದ್ದು?"

"ಇಲ್ಲೇ ಸರ್, ಹೆಮ್ಮಾಡಿ ಬದಿಯಂಗೆ."

"ಹಿಂದೆ ಬೆಳ್ಳಗೆ ಕಾಣುವುದೇನು?"

ಅವನು ಫೋನನ್ನು ಸ್ವಲ್ಪ ದೂರ ಹಿಡಿದು ತಾನೂ ನೋಡಿದ. "ಅದಾ... ಸುಣ್ಣ ಹೊಡ್ಸಿದ್ ಗ್ವಾಡಿ."

ಹೆಮ್ಮಾಡಿಯಲ್ಲಿ ಹಿಮ ಬಿದ್ದ ದಿನ ನಾನು ಊರಿನಲ್ಲಿರಲಿಲ್ಲವೇನೋ. ಮರಿಗಳು ಮುದ್ದಾಗಿದ್ದವು ಎಂದು ಹೇಳಿ ಹೊರಟುಬಂದೆ.

ನಾನು ಕುಂದಾಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಮರೆತಿದೆ. ಉಳಿದದ್ದು ಒಂದು ಚಟ. ಯಾರಾದರೂ ಏನಾದರೂ ಹೇಳಿದರೆ, ಇದು ಇವರಿಗೆ ಹೇಗೆ ಗೊತ್ತು ಎಂದು ಕೇಳಿಕೊಳ್ಳುವುದು. ಮಕ್ಕಳಿರುವ ಮನೆಗೆ ಯಾವ ತಳಿ ಒಳ್ಳೆಯದೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದಾಗಲೂ ಅದೇ ಆಯಿತು. ಪ್ರತಿಯೊಂದು ಪಟ್ಟಿಯಲ್ಲೂ ಪ್ರತಿಯೊಂದು ತಳಿಯೂ ಮಕ್ಕಳೊಂದಿಗೆ ಪ್ರೀತಿಯಿಂದಿರುತ್ತಿತ್ತು. ಪುಟದ ಕೊನೆಗೆ ಹೋದರೆ ನಾಯಿಯ ಆಹಾರದ ಜಾಹೀರಾತು. ಮಗಳು ಮಾತ್ರ ಆ ಪಟ್ಟಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟು, ನನ್ನ ಮೇಜಿನ ಮೇಲೆ ಇಡುತ್ತಿದ್ದಳು.

ಕೊಕ್ಕರ್ಣೆಯ ಬೇಸಾಯದ ಮನೆಯಿಂದ ಬಂದ ಹೆಂಡತಿಗೆ ಇದೆಲ್ಲ ಹುಡುಗಾಟವಾಗಿ ಕಾಣುತ್ತಿತ್ತು. ಸಾಲಿಗ್ರಾಮದ ಹತ್ತಿರದ ನಮ್ಮ ಮನೆಯಂತೆಯೇ ಅವಳ ತವರಿನಲ್ಲೂ ಮೀನು ಮಾಂಸ ಇಲ್ಲ. ಆದರೆ ಅಂಗಳದಲ್ಲಿ ಯಾವಾಗಲೂ ಎರಡು ನಾಯಿಗಳಿದ್ದವು.

"ನಮ್ಮನಿ ನಾಯಿ ಯಾವ ಜಾತಿ ಅಂದೇಳಿ ಇಷ್ಟ್ ವರ್ಷದಂಗೆ ಒಬ್ರೂ ಕೇಂಡದ್ದಿಲ್ಲ," ಎಂದಳು. "ಮೊಸ್ರನ್ನ ತಿಂದ್ ಬಿದ್ಕಂಡಿತ್ತ್. ನಾವ್ ನಾಲ್ಕ್ ಮಕ್ಳ್ ಅದ್ರ ಬೆನ್ ಮೇಲೇ ಬೆಳ್ದದ್."

"ಒಮ್ಮೆಯೂ ಕಚ್ಚಿರಲಿಲ್ಲವಾ?"

"ನಿಮ್ಗ್ ಕಚ್ಚಿತ್ತ್ ಅಂದೇಳಿ ಊರಿನ ನಾಯಿಗೆಲ್ಲ ಅಪವಾದ ಹಾಕ್ಬೇಡಿ."

ಅವಳು ಚುಚ್ಚಿದ್ದು ಸರಿಯಾದ ಜಾಗಕ್ಕೇ. ನನಗೆ ಆರು ವರ್ಷವಿದ್ದಾಗ ನಮ್ಮ ಮನೆಯ ನಾಯಿ ನನ್ನ ಬಲಗೈ ಕಚ್ಚಿತ್ತು. ಎರಡು ದಿನದಿಂದ ಅದು ಅನ್ನ ಮುಟ್ಟಿರಲಿಲ್ಲ. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ನಾನು ಬಾಳೆಲೆಯ ತುಂಡಿನಲ್ಲಿ ಅನ್ನ ಹಿಡಿದು ಹೋದೆ, ಅದು ಕಾರಣವಿಲ್ಲದೆ ಎಗರಿತು. ಅಪ್ಪಯ್ಯ ದಿನಾ ಬಸ್ಸಿನಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡಿಸಿದರು. ನಾಯಿಯನ್ನು ಇಬ್ಬರು ಬಂದು ಹಗ್ಗ ಹಾಕಿ ಎಳೆದುಕೊಂಡು ಹೋದರು. ಹೆಬ್ಬೆರಳಿನ ಕೆಳಗೆ ಇವತ್ತಿಗೂ ಒಂದು ಬಿಳಿ ಗೆರೆ ಇದೆ. ಹುಚ್ಚು ನಾಯಿ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಪ್ರತಿ ಸಲವೂ ಕೈ ತೋರಿಸಿ.

ಕೊನೆಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ತಳಿ ಎಂದರೆ ಮುಂದಿನ ಮಾತು, ಭರವಸೆ. ಮರಿ ಎಂದರೂ ಅಷ್ಟೆ. ನನಗೆ ಬೇಕಾದದ್ದು ಹಿಂದಿನ ಮಾತು. ಈಗಾಗಲೇ ಬೆಳೆದ, ಈಗಾಗಲೇ ಸಣ್ಣ ಮಕ್ಕಳ ನಡುವೆ ಬದುಕಿದ, ನಾನು ಕೂತು ನೋಡಬಹುದಾದ ನಾಯಿ. ಅದು ಯಾವ ಜಾತಿಯದಾದರೂ ಸರಿ. ಇದನ್ನು ಬೈಂದೂರಿನ ಬದಿಯಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳ ಮನೆಗೆ ನಾಲ್ಕು ಹೆಜ್ಜೆ ದೂರದಲ್ಲಿ, ಕಡಲ ಬದಿಯಲ್ಲಿ, ಮೀನು ಒಣಗಿಸಿ ಮಾರುವ ಹೆಂಗಸೊಬ್ಬರ ಮನೆ. ಅಲ್ಲಿ ಮೂರು ನಾಯಿ, ಐದು ಮಕ್ಕಳು. ಒಂದು ನಾಯಿಯನ್ನು ಯಾರಿಗಾದರೂ ಕೊಡುತ್ತಾರಂತೆ.

ಮೂರು ಭಾನುವಾರ ಹೋದೆ. ಕಡಲಿನಿಂದ ಎಳೆದು ಕವುಚಿ ಹಾಕಿದ ದೋಣಿಯೊಂದರ ನೆರಳಿನಲ್ಲಿ ನಾಯಿ ಮಲಗಿರುತ್ತಿತ್ತು. ಒಣಹುಲ್ಲಿನ ಬಣ್ಣದ ಹೆಣ್ಣು ನಾಯಿ, ಒಂದೂವರೆ ವರ್ಷದ್ದು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿ ಬಿದ್ದದ್ದು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಮಗು ಬಾಲ ಎಳೆದದ್ದು. ನಾಯಿ ಎದ್ದು ಜಾಗ ಬದಲಿಸಿದ್ದು. ಮಗು ಬೆನ್ನ ಮೇಲೆ ಬಿದ್ದದ್ದು, ನಾಯಿ ಆಕಳಿಸಿದ್ದು. ಮನೆಯ ಎಲ್ಲರಿಗಿಂತ ಚಿಕ್ಕ ಹುಡುಗಿ ಅದರ ಬಾಯೊಳಗೆ ಪೂರ್ತಿ ಮುಷ್ಟಿ ಹಾಕಿದ್ದು. ನಾಯಿ ಬಾಯಿ ತೆರೆದೇ ಇಟ್ಟುಕೊಂಡು ನನ್ನ ಕಡೆ ನೋಡಿದ್ದು. ಅಲ್ಲಿ ಎರಡು ಗೆರೆ ಎಳೆದೆ.

ಮನೆಯ ಹೆಂಗಸು ಚಾಪೆಯ ಮೇಲೆ ಮೀನು ಮಗುಚಿ ಹಾಕುತ್ತಾ ನನ್ನನ್ನೇ ನೋಡುತ್ತಿದ್ದರು.

"ಮಾಷ್ಟ್ರೆ, ಹೆಣ್ ಕಾಂಬುಕೆ ಬಂದಾಂಗ್ ಬತ್ರಲೆ. ಒಪ್ಗಿ ಆಯ್ತಾ, ಇಲ್ಲಾ ಜಾತ್ಕ ಕೊಡ್ಕಾ?"

"ಇಷ್ಟು ಒಳ್ಳೆಯ ನಾಯಿ ಯಾಕೆ ಕೊಡುತ್ತೀರಿ?"

"ಎರಡಿತ್ತಲೆ. ಮೂರ್ ಎಂತಕೆ?"

ಮೂರನೆಯ ಭಾನುವಾರ ಅದೇ ಪ್ರಶ್ನೆ ಇನ್ನೊಮ್ಮೆ ಕೇಳಿದೆ. ಆಗ ಅವರು, ಮಗ ಹೊಸ ಮನೆ ಕಟ್ಟಿಸುತ್ತಿದ್ದಾನೆ, ಟೈಲ್ಸ್ ಹಾಕುತ್ತಾನಂತೆ, ಅದಕ್ಕೆ ನಾಯಿ ಕಡಿಮೆ ಮಾಡಬೇಕಂತೆ ಎಂದರು. ಮೊದಲ ವಾರ ಹೇಳಿದ ಕಾರಣ ಬೇರೆ, ಈ ವಾರದ್ದು ಬೇರೆ. ಅಥವಾ ಮೊದಲ ವಾರವೂ ಟೈಲ್ಸಿನ ಮಾತು ಬಂದಿತ್ತೋ? ಪುಸ್ತಕ ತಿರುವಿದೆ. ನಾಯಿಯ ಬಗ್ಗೆ ಆರು ಪುಟ ಬರೆದಿದ್ದೆ, ಹೆಂಗಸು ಹೇಳಿದ್ದರ ಬಗ್ಗೆ ಒಂದು ಸಾಲೂ ಇಲ್ಲ.

ಲಸಿಕೆ ಹಾಕಿಸಿದೆಯೇ ಎಂದು ಕೇಳಿದೆ. ಒಳಗಿಂದ ಒಂದು ಚೀಟಿ ತಂದರು. ಯಾವುದೋ ಲಸಿಕೆ ಶಿಬಿರದಲ್ಲಿ ಕೊಟ್ಟದ್ದು. ಬಣ್ಣ ಕಂದು, ಲಿಂಗ ಗಂಡು ಎಂದಿತ್ತು.

"ಇದು ಹೆಣ್ಣು ನಾಯಿ."

"ಹೌದ್. ಬರ್ದವ್ರ್ ಸಮಾ ಕಾಣ್ಲಿಲ್ಲ ಕಾಂತ್."

"ಬೇರೆ ನಾಯಿಯ ಚೀಟಿ ಇರಬಹುದಲ್ಲ?"

"ಇಪ್ಪುಕೂ ಸಾಕ್," ಎಂದು ಒಪ್ಪಿಕೊಂಡರು ಅವರು, ನಾನು ಅವರ ಪರವಾಗಿ ಏನೋ ಕಂಡುಹಿಡಿದಂತೆ.

ಅಲ್ಲಿಗೇ ಎದ್ದು ಬರಬೇಕಿತ್ತು. ಆದರೆ ಆ ಮುಷ್ಟಿಯನ್ನು ನಾನು ಕಣ್ಣಾರೆ ನೋಡಿದ್ದೆ. ನಾಲ್ಕನೆಯ ಭಾನುವಾರ ಮಗಳನ್ನೂ ಕರೆದುಕೊಂಡು ಹೋಗಿ ನಾಯಿಯನ್ನು ಕಾರಿನಲ್ಲಿ ಹಾಕಿಕೊಂಡು ಬಂದೆ. ಮರವಂತೆ ದಾಟುವಾಗ ಅದು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿತು. ಕುಂದಾಪುರ ಬರುವ ಹೊತ್ತಿಗೆ ಮಗಳಿಗೂ ಆಯಿತು.

ಮನೆಯಲ್ಲಿ ಅಮ್ಮ ಹಿತ್ತಾಳೆ ತಟ್ಟೆಯೊಂದನ್ನು ನಾಯಿಗೆಂದೇ ತೆಗೆದಿಟ್ಟಿದ್ದರು. ಮೊಸರನ್ನ ಕಲೆಸಿ ಇಟ್ಟರು. ನಾಯಿ ಮೂಸಿತು, ಹಿಂದೆ ಸರಿಯಿತು. ಹೊಸ ಜಾಗ, ಇರಲಿ ಎಂದೆವು. ಮರುದಿನ ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ತೊವ್ವೆ, ಸಂಜೆ ಹಾಲು. ನಾಯಿ ಹಾಲನ್ನು ಒಂದು ಸಲ ನೆಕ್ಕಿ ಮುಖ ತಿರುಗಿಸಿತು. ಜಗಲಿಯ ಬೆಂಚಿನ ಕೆಳಗೆ ಹೋಗಿ ಮಲಗಿತು. ಹಗ್ಗ ಕಟ್ಟಿದ್ದೆವು, ಓಡಿಹೋಗದ ಹಾಗೆ. ಮಗ ಎದುರಿಗೆ ಬಂದರೆ ಅದರ ಕಣ್ಣು ಅವನ ಹಿಂದೆಯೇ ಹೋಗುತ್ತಿತ್ತು. ಅವನ ಕೈಯಲ್ಲಿ ಸದಾ ಏನಾದರೂ ತಿಂಡಿ ಇರುತ್ತಿದ್ದುದರಿಂದಲೋ, ಬೇರೆ ಕಾರಣಕ್ಕೋ ನನಗೆ ಗೊತ್ತಾಗಲಿಲ್ಲ. ಬಾಯಿಯ ಬದಿಯಿಂದ ಜೊಲ್ಲಿನ ಒಂದು ಎಳೆ ಇಳಿದದ್ದನ್ನು ನೋಡಿದವನು ನಾನು. ಅಥವಾ ನೋಡಿದೆ ಎಂದುಕೊಂಡವನು.

"ಹುಚ್ ಹಿಡ್ದ್ ನಾಯಿಯೇ ಅನ್ನ ಮುಟ್ಟುದಿಲ್ಲ ಮಗಾ," ಎಂದರು ಅಮ್ಮ. "ನಿಂಗ್ ಕಚ್ಚಿದ್ದೂ ಹೀಂಗೇ ಇದ್ದಿತ್ತ್. ನೆನ್ಪಿಲ್ಯಾ?"

ನೆನಪಿತ್ತು. ಮಗನನ್ನು ಜಗಲಿಗೆ ಬಿಡಬೇಡಿ ಎಂದು ಬಾಗಿಲಿಗೆ ಅಡ್ಡಹಲಗೆ ಇಟ್ಟೆ. ಮಗಳು ಹಲಗೆಯ ಆಚೆ ಕೂತು ನಾಯಿಯ ಜೊತೆ ಮಾತಾಡುತ್ತಿದ್ದಳು. ಮಗ ಈಚೆ ಕೂತು ಅಳುತ್ತಿದ್ದ.

ಅಕ್ಕನಿಗೆ ಫೋನ್ ಮಾಡಿ ರೇಗಿದೆ. ನೀನು ಹೇಳಿದ ನಾಯಿ ಹುಚ್ಚು ನಾಯಿ ಇರಬಹುದು. ಅನ್ನ ತಿನ್ನುತ್ತಿಲ್ಲ, ಜೊಲ್ಲು ಬರುತ್ತಿದೆ, ನನಗೆ ಕಚ್ಚಿದ ನಾಯಿಗೆ ಇದ್ದದ್ದೇ ಲಕ್ಷಣ ಎಂದೆ.

ಅಕ್ಕ ನನ್ನನ್ನೇ ತಿರುಗಿ ಕೇಳಿದಳು.

"ನಿಂಗೆ ಯಾವ್ ನಾಯಿ ಕಚ್ಚಿತ್ತ್ ಮಾಣಿ?"

"ನಮ್ಮ ಮನೆಯದ್ದು. ನನಗೆ ಆರು ವರ್ಷ ಇದ್ದಾಗ."

"ಅದ್ ಕಚ್ಚಿದ್ ನಂಗೆ," ಎಂದಳು ಅಕ್ಕ. "ನೀನ್ ಅದ್ರ ಎಂಜಲ್ ಮುಟ್ಟಿದ್ದೆ ಅಂದೇಳಿ ನಿಂಗೂ ಸೂಜಿ ಹಾಕ್ಸಿದ್. ಇಬ್ರನ್ನೂ ಬಸ್ಸಂಗೆ ಕರ್ಕಂಡ್ ಹೋತಿದ್ರಲೆ ಅಪ್ಪಯ್ಯ. ನೀನ್ ಕಿಟ್ಕಿ ಬದಿ ಬೇಕ್ ಅಂದೇಳಿ ನಂಗ್ ಚಿಮ್ಟ್‌ತಿದ್ದೆ."

"ಮತ್ತೆ ನನ್ನ ಕೈಯ ಗುರುತು?"

"ಹೆರ್ಮಣಿ ಮೇಲ್ ಬಿದ್ದದ್ ಅಲ್ದಾ ಅದ್? ಕಾಯಿ ಹೆರುಕ್ ಹೋಯಿ."

ತುರಿಮಣೆಯ ಮೇಲೆ ಬಿದ್ದದ್ದು ನನ್ನ ನೆನಪಿನಲ್ಲಿರಲಿಲ್ಲ. ಫೋನನ್ನು ಕೈಯಿಂದ ಮುಚ್ಚಿ ಅಮ್ಮನನ್ನು ಕೇಳಿದೆ. ಅಮ್ಮ ನೇರವಾಗಿ, "ಕಚ್ಚಿದ್ ನಿಂಗೇ. ಅವ್ಳ್ ಎಂತದೋ ಹೇಳ್ತ್‌ಳ್," ಎಂದರು. ಅಕ್ಕ ಅದನ್ನು ಕೇಳಿಸಿಕೊಂಡು, ತನ್ನ ಮೊಣಕೈಯ ಗುರುತಿನ ಫೋಟೋ ತೆಗೆದು ಕಳಿಸಿದಳು. ಎರಡು ಚುಕ್ಕೆ, ಮಧ್ಯೆ ಒಂದು ಮಸುಕು. ನನ್ನ ಗೆರೆಗಿಂತ ಅದೇ ಹಲ್ಲಿನ ಗುರುತಿನ ಹಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅವಳನ್ನು ಬೇರೆ ನಾಯಿ ಕಚ್ಚಿರಬಾರದೆಂದೇನೂ ಇಲ್ಲ. ಅಮ್ಮನಿಗೆ ವಯಸ್ಸಾಗಿದೆ, ಅಕ್ಕನಿಗೆ ಹಳೆಯ ಕಥೆಗಳಲ್ಲಿ ತಾನೇ ಮುಖ್ಯಳಾಗಿರುವ ಆಸೆ ಮೊದಲಿನಿಂದಲೂ ಇದೆ, ನನ್ನ ಬಗ್ಗೆ ನಾನೇ ಏನು ಹೇಳಲಿ. ಅಪ್ಪಯ್ಯ ಇಲ್ಲ. ಆಸ್ಪತ್ರೆಯ ಚೀಟಿ ಯಾರೂ ಇಟ್ಟಿಲ್ಲ. ಒಂದು ನಾಯಿ, ಎರಡು ಕೈ, ಮೂರು ಸಾಕ್ಷಿಗಳು. ನನ್ನ ವಿದ್ಯಾರ್ಥಿಯೊಬ್ಬ ಇಂಥ ಮಾಹಿತಿ ಇಟ್ಟುಕೊಂಡು ನಾಯಿಜಾತಿಯ ಮೇಲೆ ಅಭಿಪ್ರಾಯ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಫೋನ್ ಇಡುವ ಮೊದಲು ಅಕ್ಕ ಇನ್ನೊಂದು ಮಾತು ಹೇಳಿದಳು. "ಪಾಪ, ಅದ್ನ ಅಪ್ಪಯ್ಯ ಸಂಕ್ಲಿ ಹಾಕಿ ಕಟ್ಟಿದ್ರ್. ಅಲ್ಲಿವರಿಗೆ ಒಂದ್ ದಿನ ಕಟ್ಟಿದ್ದಿಲ್ಲ."

ಯಾಕೆ ಕಟ್ಟಿದ್ದರು? ಅದು ಎಲ್ಲಿಂದಲೋ ಮೀನಿನ ತಲೆಯೊಂದನ್ನು ಕಚ್ಚಿ ತಂದು, ನೇರ ದೇವಸ್ಥಾನದ ನೈವೇದ್ಯದ ಕೋಣೆಯ ಮೆಟ್ಟಿಲಿನ ಮೇಲೆ ಇಟ್ಟು ಮಲಗಿತ್ತಂತೆ. ಅಪ್ಪಯ್ಯ ಅಲ್ಲಿ ಚಾಕರಿಯಲ್ಲಿದ್ದವರು. ನಾಲ್ಕು ಜನ ಆಡಿಕೊಂಡರು. ಅವತ್ತೇ ಸಂಕೋಲೆ ತಂದರು. ಅಮ್ಮನನ್ನು ಕೇಳಿದೆ. ಈ ಒಂದು ವಿಷಯದಲ್ಲಿ ಮಾತ್ರ ತಾಯಿ ಮಗಳು ಇಬ್ಬರದೂ ಒಂದೇ ಮಾತು. ನನ್ನ ನೆನಪಿನಲ್ಲಾದರೋ ಬಾಳೆಲೆಯ ತುಂಡಿನ ಹಸಿರು ನರವೂ ಇತ್ತು, ಸಂಕೋಲೆ ಮಾತ್ರ ಇರಲೇ ಇಲ್ಲ.

ಮೂರನೆಯ ದಿನ ನಾಯಿಯನ್ನು ಬ್ರಹ್ಮಾವರದ ಬದಿಯ ಒಂದು ಪಶು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆ. ಘಟ್ಟದ ಮೇಲಿನಿಂದ ಬಂದ ಯುವ ಡಾಕ್ಟರು ಅವರು. ನಾಯಿಯ ಬಾಯಿಗೆ ಕೈ ಹಾಕುವ ಮೊದಲು ತುಂಬ ಪ್ರಶ್ನೆ ಕೇಳಿದ್ದರಿಂದ ಅವರ ಮೇಲೆ ಸ್ವಲ್ಪ ಗೌರವ ಬಂತು. ನೀರು ಕುಡಿಯುತ್ತದೆಯೇ, ನಡಿಗೆ ಹೇಗಿದೆ, ಯಾರ ಮೇಲಾದರೂ ಎಗರಿತೇ. ನಾನು ಗಂಡು ಎಂದು ಬರೆದ ಚೀಟಿ ತೋರಿಸಿದೆ. ಅವರು ನಕ್ಕು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ, ಹೊಸದಾಗಿ ಲಸಿಕೆ ಹಾಕೋಣ ಎಂದರು. ಆಮೇಲೆ ಕೇಳಿದರು.

"ಅಲ್ಲಿ ಏನು ತಿಂತಿತ್ತು?"

"ಗೊತ್ತಿಲ್ಲ. ಮೀನು ಒಣಗಿಸುವವರ ಮನೆ."

"ನೀವು ಏನು ಹಾಕ್ತಿದೀರಿ?"

"ಮೊಸರನ್ನ. ದೋಸೆ. ತೊವ್ವೆ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಆರು ಪುಟ ಗುರುತು ಹಾಕಿದವನು. ನಾಯಿ ಎಲ್ಲಿ ಮಲಗುತ್ತದೆ, ಎಷ್ಟು ಸಲ ಆಕಳಿಸುತ್ತದೆ ಎಂದೆಲ್ಲ ಬರೆದವನು. ಅದರ ಮೂಗಿನ ಎದುರು ಚಾಪೆಗಟ್ಟಲೆ ಮೀನು ಒಣಗುತ್ತಿದ್ದದ್ದು ನನ್ನ ಪುಸ್ತಕದಲ್ಲಿ ಬರಲಿಲ್ಲ. ನಮ್ಮಂಥ ಮನೆಗಳಲ್ಲಿ ಮೀನು ಒಂದು ಆಹಾರ ಎಂದು ತಲೆಗೆ ಹೊಳೆಯುವುದಿಲ್ಲ. ಅದು ರಸ್ತೆಯಲ್ಲಿ ಹಾದುಹೋಗುವ ಒಂದು ವಾಸನೆ.

"ನನ್ನ ಹೆಂಡತಿಯ ತವರಿನಲ್ಲಿ ನಾಯಿ ಮೊಸರನ್ನ ತಿಂದೇ ಬದುಕಿದ್ದಂತೆ," ಎಂದೆ.

"ಕಟ್ಟಿ ಹಾಕ್ತಿದ್ರಾ?"

"ಇಲ್ಲ."

"ಮತ್ತೆ? ಇಲ್ಲಿ ಎಲ್ಲರೂ ಹಾಗೇ ಹೇಳ್ತಾರೆ ಸರ್. ನಮ್ಮ ನಾಯಿ ಸಸ್ಯಾಹಾರಿ ಅಂತ. ಅದು ಮಧ್ಯಾಹ್ನ ಪಕ್ಕದ ಕೇರಿಗೆ ಹೋಗಿ ಊಟ ಮಾಡಿ ಬಂದು, ನಿಮ್ಮ ಮರ್ಯಾದೆಗೆ ಎರಡು ತುತ್ತು ಮೊಸರನ್ನ ತಿನ್ನುತ್ತೆ. ಕಟ್ಟಿ ಹಾಕಿದ ಮೇಲೆ ಗೊತ್ತಾಗೋದು."

ವಾಪಸು ಬರುವಾಗ ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಅಪ್ಪಯ್ಯ ಕಟ್ಟಿದ ನಾಯಿ. ಅನ್ನ ಮುಟ್ಟದ ನಾಯಿ. ಮೂರನೆಯ ದಿನ ಯಾರೋ ಒಂದು ಮಗು, ನಾನೋ ಅಕ್ಕನೋ, ಮುಖದ ಹತ್ತಿರ ಮತ್ತೆ ಅದೇ ಅನ್ನ ಹಿಡಿದುಕೊಂಡು ಬಂದದ್ದು. ಅದಕ್ಕೆ ಹುಚ್ಚು ಇದ್ದಿರಲೂಬಹುದು; ಇಲ್ಲ ಎಂದು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಕಾರಣವಿಲ್ಲದೆ ಎಗರಿತು ಎಂಬ ಮಾತನ್ನು ಆ ಕಥೆಯಿಂದ ತೆಗೆಯಬೇಕಾಯಿತು. ಅದನ್ನು ತೆಗೆದ ಮೇಲೆ ಕಥೆಯಲ್ಲಿ ಉಳಿಯುವುದು ಬಹಳ ಕಡಿಮೆ. ಹಿಂದಿನ ಸೀಟಿನಲ್ಲಿದ್ದ ನಾಯಿ ಈ ಸಲ ವಾಂತಿ ಮಾಡಲಿಲ್ಲ. ಮಾಡಲು ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಅಲ್ಲಿಂದಲೇ ಮೀನಿನ ಹೆಂಗಸಿಗೆ ಫೋನ್ ಮಾಡಿದೆ. ಮೂರು ದಿನದಿಂದ ಅದು ಏನೂ ತಿಂದಿಲ್ಲ, ನಾಯಿಗೆ ಏನು ಹಾಕುತ್ತಿದ್ದಿರಿ ಎಂದು ನೀವು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವ್ ಕೇಂಡಿದ್ರಾ? ನೀವ್ ಕೇಂಡದ್ ಎಲ್ಲ ಎಂತಕ್ ಕೊಡ್ತ್ರಿ, ಎಂತಕ್ ಕೊಡ್ತ್ರಿ ಅಂದೇ."

"ಅದಕ್ಕೂ ಒಂದೊಂದು ವಾರ ಒಂದೊಂದು ಕಾರಣ ಹೇಳಿದಿರಿ."

"ಎರಡೂ ಹೌದ್ ಮಾಷ್ಟ್ರೆ. ಒಂದ್ ಕೆಲ್ಸಕ್ಕೆ ಒಂದೇ ಕಾರ್ಣ ಇರ್ಕ್ ಅಂದೇಳಿ ನಿಮ್ ಕಾಲೇಜಂಗೆ ಹೇಳಿ ಕೊಡ್ತ್ರಾ?" ನಂತರ ಅವರ ದನಿ ಸ್ವಲ್ಪ ಇಳಿಯಿತು. "ಮೂರ್ ದಿನ ಆಯ್ತಾ ಅದ್ ತಿನ್ನದೆ? ಭೂತಾಯಿ ಮೀನ್ ಬೇಯ್ಸಿ ಹಾಕಿ. ಆಪುದಿಲ್ಲ ಅಂದ್ರೆ ತಂದ್ ಬಿಡಿ. ಉಪಾಸ ಹಾಕ್ಬೇಡಿ."

ಮನೆಗೆ ಬಂದು ಹೇಳಿದೆ. ಜಗಲಿಯಲ್ಲಿ ಎಲ್ಲರೂ ಇದ್ದರು. ಇದ್ದದ್ದು ಎರಡೇ ದಾರಿ: ನಾಯಿಯನ್ನು ವಾಪಸು ಬಿಡುವುದು, ಇಲ್ಲವೇ ಈ ಅಂಗಳದಲ್ಲಿ ಮೀನು ಬೇಯಿಸುವುದು. ಹಸಿದ ನಾಯಿಯನ್ನು ಮಗನ ಜೊತೆ ಇಟ್ಟುಕೊಳ್ಳುವುದು ಮೂರನೆಯ ದಾರಿ, ಅದು ನಮ್ಮ ಮನೆಯಲ್ಲಿ ಒಮ್ಮೆ ಆಗಿಹೋಗಿದೆ.

"ಬಿಟ್ಟ್ ಬನ್ನಿ ಹಂಗಾರೆ," ಎಂದಳು ಹೆಂಡತಿ ಮೆಲ್ಲಗೆ. ಅತ್ತೆಯ ಮುಖ ನೋಡಿ ಹೇಳಿದ ಮಾತು ಅದು. ಮಗಳು ನೋಟ್‌ಬುಕ್ಕನ್ನು ಎದೆಗೆ ಹಿಡಿದುಕೊಂಡು ನನ್ನನ್ನು ನೋಡುತ್ತಿದ್ದಳು. ಅವಳು ಬಾಯಿ ತೆರೆದು ಏನಾದರೂ ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಮ್ಮ ಬಹಳ ಹೊತ್ತು ಬತ್ತಿ ಹೊಸೆಯುತ್ತಾ ಕೂತರು. ಆಮೇಲೆ, "ಬಾವಿಯಿಂದ ಆಚಿಗೆ," ಎಂದರು. "ಬೇರೆ ಒಲಿ, ಬೇರೆ ಪಾತ್ರ. ಒಳ್ಗ್ ಬಪ್ಪತಿಗೆ ಕೈಕಾಲ್ ತೊಳ್ಕಂಡ್ ಬಾ. ನಾ ಆ ಬದಿ ಕಾಂಬುದಿಲ್ಲ."

ನಮ್ಮ ಓಣಿಯಲ್ಲಿ ಮೀನಿನ ಬೈಕಿನವನು ಹಾರ್ನ್ ಹೊಡೆಯುವುದಿಲ್ಲ. ಅವನ ಹಾರ್ನ್ ಹಿಂದಿನ ತಿರುವಿನಲ್ಲಿ ನಿಂತು, ಮುಂದಿನ ತಿರುವಿನಲ್ಲಿ ಮತ್ತೆ ಶುರುವಾಗುತ್ತದೆ. ಸಂಜೆ ನಾನು ಗೇಟಿನ ಹೊರಗೆ ನಿಂತು ಕೈ ಅಡ್ಡ ಮಾಡಿದಾಗ ಅವನು ಕಾಲು ಕೊಟ್ಟು ಬೈಕು ನಿಲ್ಲಿಸಿದ.

"ಯಾರ್ ಮನಿ ಹುಡ್ಕ್‌ತ್ರಿ ಮಾಷ್ಟ್ರೆ?"

"ಮೀನು ಬೇಕಿತ್ತು."

ಅವನು ಎಂಜಿನ್ ಆರಿಸಿದ. ಎದುರು ಮನೆಯ ಕಿಟಕಿಯ ಪರದೆ ಸರಿದದ್ದು ನನಗೆ ಕಂಡಿತು.

"ನಾಯಿಗೆ," ಎಂದೆ.

"ಹೌದ್ ಹೌದ್," ಎಂದ ಅವನು, ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾ. "ಎಲ್ರೂ ನಾಯಿಗೆ ಅಂದೇ ಸುರು ಮಾಡುದ್."

ಬಾವಿಯ ಆಚೆ ಮೂರು ಕಲ್ಲು ಇಟ್ಟು, ಹಳೆಯ ಅಲ್ಯುಮಿನಿಯಂ ಪಾತ್ರೆಯಲ್ಲಿ ಅನ್ನದ ಜೊತೆ ಭೂತಾಯಿ ಬೇಯಿಸಿದೆ. ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಕಟ್ಟಿಕೊಂಡಿದ್ದೆ. ಆ ಬದಿ ನೋಡುವುದಿಲ್ಲ ಎಂದಿದ್ದ ಅಮ್ಮ ಅಡುಗೆಮನೆಯ ಕಿಟಕಿಯಿಂದ, "ಮುಳ್ಳ್ ಮೆತ್ತಗಾಪಲ್ಲಿವರಿಗೆ ಬೇಯ್ಸ್," ಎಂದರು. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಕಿಟಕಿ ಮುಚ್ಚಿತು.

ಪಾತ್ರೆ ಒಲೆಯ ಮೇಲಿದ್ದಾಗಲೇ ನಾಯಿ ಬೆಂಚಿನ ಕೆಳಗಿನಿಂದ ಎದ್ದು ನಿಂತಿತ್ತು. ಆರಿಸಿ, ತೆಂಗಿನ ಮರದ ಬುಡದಲ್ಲಿ ತಟ್ಟೆ ಇಟ್ಟು, ಹಗ್ಗ ಬಿಚ್ಚಿ ಬಿಟ್ಟೆ. ಅದು ತಿಂದ ರೀತಿಯನ್ನು ತಿನ್ನುವುದು ಎನ್ನಲಾಗದು. ತಟ್ಟೆಯ ಮೇಲೆ ತಲೆಯಿಟ್ಟು ಉಸಿರಾಡಿದ ಹಾಗಿತ್ತು. ನನಗೆ ಸಮಾಧಾನವಾಯಿತು. ಸಮಾಧಾನವಾದ್ದರಿಂದ ಹಿಂದೆ ತಿರುಗಿ ನೋಡಲಿಲ್ಲ. ಹಲಗೆ ಯಾರೋ ಸರಿಸಿದ್ದರು. ಮಗ ನನ್ನ ಪಕ್ಕದಿಂದ ಓಡಿ ಹೋಗಿ ನಾಯಿಯ ಎದುರು ಕುಕ್ಕರಗಾಲಿನಲ್ಲಿ ಕೂತು ತಟ್ಟೆಯ ಕಡೆ ಕೈ ಚಾಚಿದ.

ನಾಯಿ ಗುರ್ ಎಂದಿತು.

ದೊಡ್ಡ ಸದ್ದಲ್ಲ. ತಲೆ ಎತ್ತಲಿಲ್ಲ, ಹಲ್ಲು ತೋರಿಸಲಿಲ್ಲ. ತಿನ್ನುವುದನ್ನು ನಿಲ್ಲಿಸಿ, ಗಂಟಲಿನಿಂದ ಅಷ್ಟೇ ಒಂದು ಸದ್ದು. ಬಾವಿಕಟ್ಟೆಯ ಹತ್ತಿರ ಹೆಂಡತಿ ಕೈಯಲ್ಲಿದ್ದ ಕೊಡವನ್ನು ಹಾಗೆಯೇ ಹಿಡಿದು ನಿಂತಳು. ಮಗ ಕೈಯನ್ನು ಎಳೆದುಕೊಂಡು, ಬೆನ್ನ ಹಿಂದೆ ಅಡಗಿಸಿ, ನಾಯಿಯನ್ನು ನೋಡಿದ. ಅವನ ಮುಖ, ಅದರ ಮುಖ, ನಡುವೆ ಒಂದು ಮೊಳ. ನಾನು ಹೋಗಿ ಅವನನ್ನು ಎತ್ತಿಕೊಂಡೆ. ನಾಯಿ ಮತ್ತೆ ತಿನ್ನತೊಡಗಿತು.

"ಇದ್ ಬ್ಯಾಡ ಅಲ್ದಾ?" ಎಂದಳು ಹೆಂಡತಿ. ಅವಳು ಅಷ್ಟು ಹೆದರಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಬೇಡ ಎನ್ನಲು ಬೇಕಾದದ್ದೆಲ್ಲ ನನ್ನ ಕೈಯಲ್ಲಿತ್ತು. ಈ ಹುಡುಕಾಟದ ಉದ್ದಕ್ಕೂ ನಾನು ಕಾಯುತ್ತಿದ್ದದ್ದು ಇದೇ ಸಾಕ್ಷಿಗೆ ಇದ್ದರೂ ಇರಬಹುದು. ಆದರೆ ಮಗನನ್ನು ಎತ್ತಿಕೊಂಡು ನಿಂತಾಗ ನನಗೆ ಅನಿಸಿದ್ದು ಬೇರೆ. ಕಚ್ಚುವುದೇ ಇಲ್ಲ ಎಂದವನು ಹಿಮದ ಫೋಟೋ ತೋರಿಸಿದ್ದ. ಎಲ್ಲಾ ತಳಿಯೂ ಒಳ್ಳೆಯದೆಂದವರು ಆಹಾರ ಮಾರುವವರು. ಮೊಸರನ್ನ ತಿಂದು ಬಿದ್ದುಕೊಂಡಿತ್ತು ಎಂದ ಹೆಂಡತಿಗೆ ತವರಿನ ನಾಯಿ ಎಲ್ಲಿ ಉಣ್ಣುತ್ತಿತ್ತೆಂದೇ ಗೊತ್ತಿರಲಿಲ್ಲ. ಈ ನಾಯಿಯೊಂದೇ ಯಾವ ಭರವಸೆಯನ್ನೂ ಕೊಡದೆ, ತನಗೆ ಆಗದ್ದು ಇಂಥದ್ದು ಎಂದು ಮುಂಚಿತವಾಗಿ ತಿಳಿಸಿತ್ತು. ಮೂರು ದಿನ ಉಪವಾಸವಿದ್ದೂ ಕಚ್ಚದೆ, ಹೇಳುವಷ್ಟಕ್ಕೇ ನಿಲ್ಲಿಸಿತ್ತು. ಮಗನಿಗೆ ಅದು ಅರ್ಥವಾಗಿತ್ತು. ನನಗೆ ಹೆಚ್ಚು ಹೊತ್ತು ಬೇಕಾಯಿತು.

"ತಿನ್ನುವಾಗ ಇವನನ್ನು ಬಿಡಕೂಡದು," ಎಂದೆ. "ತಿನ್ನುವಾಗ ಯಾರೂ ಹೋಗಕೂಡದು."

"ಅಷ್ಟೇಯಾ?"

"ಇವತ್ತಿಗೆ ಅಷ್ಟೆ. ಇಬ್ಬರನ್ನೇ ಯಾವಾಗಲೂ ಬಿಡುವುದಿಲ್ಲ. ಆಮೇಲೆ ನೋಡೋಣ."

ಹೆಂಡತಿ ಕೊಡ ಕೆಳಗಿಟ್ಟಳು. ಒಪ್ಪಿದಳೋ, ಕೈ ಸೋತಿತೋ, ಕೇಳಲಿಲ್ಲ.

ಈಗ ನಾಲ್ಕು ತಿಂಗಳಾಗಿದೆ. ಸಂಜೆ ತಟ್ಟೆ ಇಟ್ಟ ಕೂಡಲೇ ನಾನು ನಾಯಿಗೂ ಮಗನಿಗೂ ನಡುವೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತೇನೆ. ಅವನು ನನ್ನ ಹಿಂದೆ ನಿಂತು ಅಂಗಿ ಜಗ್ಗುತ್ತಾನೆ.

"ಅಪ್ಪಾ, ಈಗ ಹೋಪುದಾ?"

"ಇನ್ನೂ ಇಲ್ಲ."

"ಈಗ?"

ನಾಯಿ ತಟ್ಟೆಯನ್ನು ಕಲ್ಲಿನ ತನಕ ನೂಕಿಕೊಂಡು ಬಂದು ನೆಕ್ಕುತ್ತದೆ. ಮುಗಿಸಿ ತಲೆ ಎತ್ತಿ ನೋಡುವುದು ಮೊದಲು ನನ್ನನ್ನು. ಆಗ ನಾನು ತಟ್ಟೆಯನ್ನು ತೆಗೆದು ದೂರ ಇಟ್ಟು, ಕಲ್ಲಿನ ಮೇಲೆ ಒಂದು ಬದಿಗೆ ಸರಿಯುತ್ತೇನೆ, ಮಗ ಹಾದುಹೋಗುವಷ್ಟು ಮಾತ್ರ. ಎದ್ದು ಹೋಗುವುದಿಲ್ಲ.